ಪಿನ್ಯಾಲ್ ಮಹಾತ್ಮೆ

ಎರಡು ಸಾವಿರನೇ ಇಸವಿ ಹುಟ್ಟಿದ ಕ್ಷಣದಲ್ಲೇ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಜಗತ್ತು ಹೆದರಿತ್ತು. ಕೆಡದೇ ಹೋದರೆ ತನ್ನ ಗತಿ ಏನು ಎಂದು ಅಮೆರಿಕದಲ್ಲಿದ್ದ ದ್ವಾರಕಾನಾಥ ಹೆದರಿದ್ದ. ಬ್ರಿಡ್ಜ್‌ವಾಟರಿನ ಒಂದು ಔಷಧಿ ಕಂಪನಿಯಲ್ಲಿ ಹಳೇ ಪ್ರೋಗ್ರಾಮುಗಳನ್ನು ತೆರೆದು, ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುವುದು ಅವನ ಕೆಲಸ. ಡಿಸೆಂಬರ್ ಮುಗಿದರೆ ಆ ಕೆಲಸವೂ ಮುಗಿಯಿತು. ತಂಡದಲ್ಲಿ ಒಬ್ಬರನ್ನು ಮಾತ್ರ ಖಾಯಂ ಮಾಡಿಕೊಂಡು, ಗ್ರೀನ್ ಕಾರ್ಡಿಗೂ ಹಾಕುತ್ತಾರೆ ಎಂಬ ಸುದ್ದಿ ಕಾಫಿ ಮೆಷೀನಿನ ಬಳಿ ಹಬ್ಬಿತ್ತು. ಆ ಒಂದು ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ ದ್ವಾರಕಾನಾಥ, ಇನ್ನೊಬ್ಬ ಪಕ್ಕದ ಕ್ಯೂಬಿಕಲ್ಲಿನ ಬೆಂಗಳೂರು ಹುಡುಗ ಗುರು. ಕುರ್ಚಿ ಯಾರಿಗೆ ಎಂದು ತೀರ್ಮಾನಿಸಬೇಕಾದವನು ಮ್ಯಾನೇಜರ್ ವಾಲ್ದಿರ್.

ವಾಲ್ದಿರ್ ದಕ್ಷಿಣ ಬ್ರೆಜಿಲಿನವನು. ಬಾಗಿಲು ತುಂಬುವ ಆಳು, ಬೊಕ್ಕ ತಲೆ, ದೊಡ್ಡ ದೊಡ್ಡ ಕೈ. ಪ್ರತಿ ಸೋಮವಾರ ಬೆಳಿಗ್ಗೆಯ ಮೀಟಿಂಗಿನಲ್ಲಿ ಅವನು ಕೆಲಸದ ಮಾತು ಬೇಗ ಮುಗಿಸಿ, ಫುಟ್ಸಾಲ್ ಕತೆ ಶುರು ಮಾಡುತ್ತಿದ್ದ. ಫುಟ್ಸಾಲ್ ಎಂದರೆ ಮರದ ನೆಲದ ಹಾಲ್‌ನೊಳಗೆ ಐದೈದು ಜನ ಸೇರಿ ಆಡುವ ಪುಟ್ಟ ಫುಟ್‌ಬಾಲು. ಅವನ ಸೀಮೆಯಲ್ಲಿ ಪಿನ್ಯಾಲ್ ಎಂಬ ಊರಿದೆಯಂತೆ, ಅದರ ಕ್ಲಬ್ಬು ಸೊನ್ನೆಯಿಂದ ಎದ್ದು ದಕ್ಷಿಣ ಅಮೆರಿಕಕ್ಕೇ ಚಾಂಪಿಯನ್ ಆಯಿತಂತೆ. ಐದು ಜನ ಒಂದು ಮನಸ್ಸಿನಿಂದ ಆಡಿದರೆ ಏನಾಗುತ್ತದೆ, ನೋಡಿ ಕಲಿಯಿರಿ ಎಂಬುದು ಅವನ ಉಪದೇಶ. ಕತೆಯ ಕೊನೆಗೆ ಬಂದಾಗ ಅವನ ಕಣ್ಣಲ್ಲಿ ನೀರೂರುತ್ತಿತ್ತು. ತನ್ನೂರಿನ ಕ್ಲಬ್ಬು ಗೆದ್ದ ಸಂತೋಷ, ಪಾಪ, ಎಂದು ದ್ವಾರಕಾನಾಥ ತಿಳಿದಿದ್ದ.

ತಿಳಿದಿದ್ದ ಎನ್ನುವುದೂ ಹೆಚ್ಚೇ. ಆ ಹೊತ್ತಿಗೆ ಅವನ ಮನಸ್ಸು ಬಾಡಿಗೆ, ವೀಸಾ, ಮಧ್ಯಾಹ್ನದ ಡಬ್ಬಿಯ ಚಿತ್ರಾನ್ನ ಎಂದು ಊರೆಲ್ಲ ಸುತ್ತಿ ಬರುತ್ತಿತ್ತು. ತಲೆ ಮಾತ್ರ ಜಾಗ ಬಿಡದೆ ತೂಗುತ್ತಿತ್ತು. ಮೈಸೂರಿನಲ್ಲಿ ರಾಗ ಯಾವುದೆಂದು ಗೊತ್ತಿಲ್ಲದ ಕಚೇರಿಗಳಲ್ಲೂ ಮುಂದಿನ ಸಾಲಿನಲ್ಲಿ ಕೂತು ಪಳಗಿದ ತಲೆ ಅದು. ಗುರು ಹಾಗಲ್ಲ. ಮುಖ ಗಂಟಿಕ್ಕಿ, ಗದ್ದಕ್ಕೆ ಕೈಕೊಟ್ಟು, ಗೋಡೆ ನೋಡುತ್ತ ಕೂರುತ್ತಿದ್ದ.

ಹೀಗಿರುವಾಗ ಮೇಲಿನ ಮನೆಯ ಈಶಣ್ಣ ಒಂದು ದಿನ ಮೆಟ್ಟಿಲ ಮೇಲೆ ಅಡ್ಡ ಹಾಕಿದರು. ಈಶಣ್ಣ ಧಾರವಾಡದವರು. ಎಡಿಸನ್ನಿನ ಆ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಮಗುವಿಗೆ ಹೆಸರಿಡಬೇಕಾದರೂ ಕರೆಯದೆ ಬರುವ ಪುಣ್ಯಾತ್ಮರು.

"ಏನ್ರೀ ದ್ವಾರಕಾನಾಥ್, ನಿಮ್ಮ ಮ್ಯಾನೇಜರನ್ನ ಒಮ್ಮೆರೆ ಮನಿಗೆ ಊಟಕ್ಕ ಕರ್ದೀರೇನು?"

"ಇಲ್ಲ ಈಶಣ್ಣ."

"ಮತ್ತ ಗ್ರೀನ್ ಕಾರ್ಡು ಮುಗಿಲಿಂದ ಉದುರ್ತೈತೇನ್ರಿ? ಉಂಡ ಮನಿ ಜಂತಿ ಎಣಿಸೋವಷ್ಟು ಕೆಟ್ಟಾವ ಯಾವ ದೇಶದಾಗೂ ಇರೂದಿಲ್ಲ. ಕರೀರಿ!"

ಅದೇ ವಾರ ಹೆಂಡತಿ ಕೌಸಲ್ಯಾ, ಕೆಲಸ ಖಾಯಂ ಆಗಲಿ ಎಂದು ಸತ್ಯನಾರಾಯಣ ಪೂಜೆಯ ಹರಕೆ ಹೊತ್ತಿದ್ದಳು. ಹುಣ್ಣಿಮೆ ವಾರದ ಮಧ್ಯದಲ್ಲಿ ಬಂದಿತ್ತು. ಅಮೆರಿಕದಲ್ಲಿ ಹುಣ್ಣಿಮೆ ಯಾವತ್ತೇ ಬರಲಿ, ಶನಿವಾರಕ್ಕೆ ಜರುಗುತ್ತದೆ. ದೇವರೂ ಮ್ಯಾನೇಜರೂ ಒಂದೇ ದಿನ ಮನೆಗೆ ಬರಲಿ ಎಂದು ಗಂಡಹೆಂಡಿರು ನಿಶ್ಚಯಿಸಿದರು. ಗುರುವನ್ನು ಬಿಟ್ಟು ಕರೆದರೆ ಹೊಟ್ಟೆಕಿಚ್ಚಿನವ ಎಂದಾರು ಎಂದು ಅವನಿಗೂ ಹೇಳಿದ್ದಾಯಿತು.

ಶನಿವಾರ ಬಂತು. ಬ್ರಿಡ್ಜ್‌ವಾಟರ್ ದೇವಸ್ಥಾನದ ಭಟ್ಟರಿಗೆ ಅವತ್ತು ಬಿಡುವೇ ಇರಲಿಲ್ಲ. ಅವರು ಪೂಜೆಯನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿ ಕೊಟ್ಟಿದ್ದರು. ಒಂದು ಮಗ್ಗುಲಲ್ಲಿ ಪೂಜೆ, ಇನ್ನೊಂದು ಮಗ್ಗುಲಲ್ಲಿ ಕತೆ. ಟೇಪ್ ರೆಕಾರ್ಡರಿನ ಭಟ್ಟರು "ಈಗ ಹೂವು ಏರಿಸಿ" ಎಂದರೆ ದ್ವಾರಕಾನಾಥ ಹೂವು ಏರಿಸುತ್ತಿದ್ದ. "ಈಗ ಅರಿಶಿನ" ಎಂದರೆ ಅರಿಶಿನ. ಪಂಚೆ ಎರಡು ಸಲ ಸಡಿಲಾಯಿತು. ಕರ್ಪೂರ ಹಚ್ಚಿದೊಡನೆ ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ಈಶಣ್ಣ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿದರು. ವಾಲ್ದಿರ್ ದೊಡ್ಡ ಹೂಗುಚ್ಛ ಹಿಡಿದು ಬಂದವನು ಇದೂ ವಿಧಿಯ ಒಂದು ಭಾಗವಿರಬೇಕೆಂದು ಕೈ ಮುಗಿದ. ಅವನು ಚಕ್ಕಳಮಕ್ಕಳ ಹಾಕಲು ಪಟ್ಟ ಪಾಡಿಗೆ ಕಾರ್ಪೆಟ್ಟೇ ನಡುಗಿತು. ಗುರು ಅವನ ಪಕ್ಕದಲ್ಲೇ ಜಾಗ ಹಿಡಿದ.

ಹಾಲ್ ತುಂಬ ಜನ. ಎಲ್ಲರ ಕಣ್ಣೂ ಅಡುಗೆಮನೆಯ ಕಡೆ. ಪುಳಿಯೋಗರೆ, ಬೋಂಡ, ಸಪಾದ ಭಕ್ಷ್ಯ ಎಲ್ಲವೂ ಮುಚ್ಚಳದೊಳಗಿದ್ದು ವಾಸನೆ ಮಾತ್ರ ಹೊರಗಿತ್ತು.

ಪೂಜೆ ಮುಗಿದು ಕ್ಯಾಸೆಟ್ಟಿನ ಮಗ್ಗುಲು ತಿರುಗಿತು. ಭಟ್ಟರು ಕತೆಗೆ ಮುಂಚೆ ಪೀಠಿಕೆ ಹಾಕತೊಡಗಿದರು. ಪೀಠಿಕೆಗೆ ಕೊನೆಯೇ ಕಾಣಲಿಲ್ಲ.

"ಭಟ್ರು ಭಾಳ ಸಾವಕಾಶ ಅದಾರ," ಎಂದರು ಈಶಣ್ಣ. "ಪರದೇಶದವರು ಕುಂತಾರ, ಅವರ ಮೊಣಕಾಲು ಏನಾಗಬೇಕು? ಸ್ವಲ್ಪ ಫಾರ್ವರ್ಡ್ ಮಾಡೂಣು."

"ಬೇಡ ಈಶಣ್ಣ, ಅದು ಹಳೇ ಮೆಷೀನು..." ಎಂದು ದ್ವಾರಕಾನಾಥ ಎನ್ನುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಭಟ್ಟರು ಒಂದು ಸಲ ಗಿಳಿಯ ಹಾಗೆ ಕೀಚಲು ಕೂಗಿ ಸುಮ್ಮನಾದರು. ಮುಚ್ಚಳ ತೆಗೆದರೆ ಟೇಪೆಲ್ಲ ಶಾವಿಗೆಯಾಗಿ ಯಂತ್ರದ ಹಲ್ಲಿಗೆ ಸುತ್ತಿಕೊಂಡಿತ್ತು. ಈಶಣ್ಣ ಪೆನ್ಸಿಲ್ ತೂರಿಸಿ ಸುತ್ತಿದರು. ಟೇಪು ತುಂಡಾಯಿತು. "ಚೀನಾ ಮಾಲು," ಎಂದು ಯಂತ್ರವನ್ನೇ ಬೈದು ಕೂತರು.

"ಹೋಗ್ಲಿ ಬಿಡಿ, ಮಂಗಳಾರತಿ ಮಾಡಿ ಊಟ ಹಾಕೋಣ," ಎಂದ ದ್ವಾರಕಾನಾಥ ಆಸೆಯಿಂದ.

ಆಗ ಸೋಫಾದ ಮೇಲಿನಿಂದ ಈಶಣ್ಣನ ತಾಯಿ ವೀರಬಸಮ್ಮನವರ ದನಿ ಬಂತು. ಅವರದು ಇಷ್ಟಲಿಂಗ ಪೂಜೆಯ ಮನೆತನವಾದರೂ, ಮಗನ ಮನೆಗೆ ಬಂದಾಗಿನಿಂದ ಎಡಿಸನ್ನಿನಲ್ಲಿ ಯಾರ ಮನೆಯ ಪೂಜೆಯನ್ನೂ ತಪ್ಪಿಸಿದವರಲ್ಲ. ಯಾವ ಪೂಜೆಗೆ ಯಾವ ಕಟ್ಟಳೆ ಎಂಬುದರಲ್ಲಿ ಅವರದೇ ಕೊನೆಯ ಮಾತು.

"ಎಪ್ಪಾ, ಕತಿ ಕೇಳದ ಪ್ರಸಾದ ಮುಟ್ಟಬಾರದು. ನಡುವ ಎದ್ದು ಹೋಗೂದಂತೂ ದೊಡ್ಡ ಪಾಪ."

ಮುಚ್ಚಳದ ಕಡೆ ಸರಿಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು.

"ಕತೆ ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಯಾರಾದ್ರೂ ಹೇಳಿಬಿಡಿ," ಎಂದಳು ಕೌಸಲ್ಯಾ.

ಆಗ ಹೊರಬಿತ್ತು ನೋಡಿ ನಿಜ. ಕೂತವರೆಲ್ಲ ಹುಟ್ಟಿದಾಗಿನಿಂದ ಆ ಕತೆ ಕೇಳಿದವರೇ. ಒಬ್ಬರಿಗೂ ಬಾರದು. ಒಬ್ಬರಿಗೆ ಹಡಗು ನೆನಪಿತ್ತು, ಇನ್ನೊಬ್ಬರಿಗೆ ಸೌದೆ ನೆನಪಿತ್ತು. ಹಡಗಿಗೂ ಸೌದೆಗೂ ಏನು ಸಂಬಂಧ ಎಂದು ಯಾರಿಗೂ ತಿಳಿಯಲಿಲ್ಲ. ಕತೆಯ ಹೊತ್ತಿನಲ್ಲಿ ತಾವು ಬೋಂಡ ಎಣಿಸುತ್ತಿದ್ದೆವೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

"ಯಜಮಾನ್ರು ಹೇಳಬೇಕು," ಎಂದು ತೀರ್ಪು ಕೊಟ್ಟರು ವೀರಬಸಮ್ಮ. "ಐದು ಅಧ್ಯಾಯ. ಪೂರಾ ಐದು."

ದ್ವಾರಕಾನಾಥ ಬೆವರಿದ. ಎದುರಿಗೆ ವಾಲ್ದಿರ್ ಮೊಣಕಾಲು ಹಿಡಿದು ಕೂತಿದ್ದಾನೆ, ಹಸಿದಿದ್ದಾನೆ. ಹಸಿದ ಮ್ಯಾನೇಜರ್ ಯಾರನ್ನಾದರೂ ಖಾಯಂ ಮಾಡಿದ್ದು ಲೋಕದಲ್ಲಿ ಉಂಟೆ? ಐದು, ಐದು ಎಂದು ತಲೆ ಕೆರೆದುಕೊಂಡಾಗ ಅವನಿಗೆ ಐದು ಭಾಗದ ಒಂದೇ ಒಂದು ಕತೆ ಹೊಳೆಯಿತು. ಪ್ರತಿ ಸೋಮವಾರ ಕಿವಿಗೆ ಬಿದ್ದ ಕತೆ. ಇವರು ಹೇಗೂ ಕೇಳುವುದಿಲ್ಲ. ಕೇಳಿದರೂ ಮ್ಯಾನೇಜರಿಗೆ ಸಂತೋಷವಾಗುತ್ತದೆ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ.

"ಪೂರ್ವಕಾಲದಲ್ಲಿ," ಎಂದು ಅವನು ಕಣ್ಣು ಮುಚ್ಚಿ ರಾಗ ಎಳೆದ, "ದಕ್ಷಿಣ ದೇಶದಲ್ಲಿ ಪಿನ್ಯಾಲ್ ಎಂಬ ಪಟ್ಟಣವಿತ್ತು. ಅಲ್ಲಿ ಪ್ರೆಶರ್ ಕುಕ್ಕರ್ ಮಾಡುವ ಒಂದು ಕಾರ್ಖಾನೆ ಇತ್ತು."

ಕುಕ್ಕರ್ ಎಂದೊಡನೆ ಹೆಂಗಸರು ತಲೆಯೆತ್ತಿದರು. ಪಿನ್ಯಾಲ್ ಎಂದೊಡನೆ ವಾಲ್ದಿರ್ ತಲೆಯೆತ್ತಿದ. ಏನು ಹೇಳುತ್ತಿದ್ದಾನೆ ಎಂದು ಗುರುವಿನ ಕಿವಿಯಲ್ಲಿ ಕೇಳಿದ. ಗುರು ಬಾಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟತೊಡಗಿದ. ಎಷ್ಟು ಒಳ್ಳೇ ಹುಡುಗ, ಇವನ ಬಗ್ಗೆ ಏನೇನೋ ಅಂದುಕೊಂಡಿದ್ದೆನಲ್ಲ ಎಂದು ದ್ವಾರಕಾನಾಥನ ಹೃದಯ ತುಂಬಿ ಬಂತು.

"ಆ ಒಂದು ಪಟ್ಟಣದಲ್ಲಿ ಐದು ತಂಡಗಳು. ಕಾರ್ಖಾನೆಯವರದೊಂದು, ಬ್ರೆಡ್ಡು ಸುಡುವವರದೊಂದು, ಚರ್ಚಿನಲ್ಲಿ ಹಾಡುವವರದೊಂದು, ಮೇಷ್ಟರುಗಳದೊಂದು, ಹೆಂಡದಂಗಡಿಯ ಕಟ್ಟೆಯವರದೊಂದು. ಐವರೂ ಒಬ್ಬರಿಗೊಬ್ಬರು ಮುಖ ಕೊಡರು. ಪರಊರಿನವರ ಎದುರು ಐವರೂ ಸೋಲುವರು."

"ನಮ್ಮ ಕನ್ನಡ ಕೂಟದ ಕತೀನ ಇದು," ಎಂದರು ಈಶಣ್ಣ.

"ಸುಮ್ಮನಿರೋ, ಕತಿ ಕೇಳು," ಎಂದರು ತಾಯಿ.

ಮೊದಲ ಅಧ್ಯಾಯ ಮುಗಿದು ಗಂಟೆ ಬಾರಿಸಿದ್ದಾಯಿತು. ಎರಡನೆಯದರಲ್ಲಿ ಕಾರ್ಖಾನೆಯ ಮುದುಕ ಸೂಪರ್ವೈಜರ್ ಅನ್ಸೆಲ್ಮೊ ಐದೂ ತಂಡದ ನಾಯಕರನ್ನು ಹಾಲ್‌ನೊಳಗೆ ಕೂಡಿಹಾಕಿ, ಒಂದೇ ಒಂದು ಚೆಂಡು ಕೊಟ್ಟು ಚಿಲಕ ಹಾಕಿದ. ಹೊರಗೆ ಬರುವಷ್ಟರಲ್ಲಿ ಅವರು ಒಂದೇ ಕ್ಲಬ್ಬಾಗಿದ್ದರು. "ಗೋವಿಂದಾ ಗೋವಿಂದ!" ಎಂದಿತು ಸಭೆ. ಮೂರನೆಯದರಲ್ಲಿ ಪಿನ್ಯಾಲಿನವರು ಜಿಲ್ಲೆ ಗೆದ್ದರು, ರಾಜ್ಯ ಗೆದ್ದರು. ಅವರು ಹೋದಲ್ಲೆಲ್ಲ ಊರಿನ ಹೆಂಗಸರು ಬಸ್ಸು ಮಾಡಿಕೊಂಡು ಹೋಗಿ ಕುಕ್ಕರಿನ ಮುಚ್ಚಳ ಬಡಿದು ಎದುರಾಳಿಗಳ ಎದೆ ನಡುಗಿಸಿದರು. ಹಾಲ್‌ನಲ್ಲಿದ್ದ ಹೆಂಗಸರಿಗೆ ಇದು ಬಹಳ ಹಿಡಿಸಿತು. ಜೀವನದಲ್ಲಿ ಮೊದಲ ಸಲ ಜನ ಪೂಜೆಯ ಕತೆಯನ್ನು ಕಿವಿಗೊಟ್ಟು ಕೇಳುತ್ತಿದ್ದರು. ಕೌಸಲ್ಯಾ ಒಬ್ಬಳೇ, ಇದರಲ್ಲಿ ದೇವರು ಎಲ್ಲಿ ಬಂದ ಎಂದು ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು.

ಅವಳ ನೋಟಕ್ಕೆ ಹೆದರಿ ದ್ವಾರಕಾನಾಥ ನಾಲ್ಕನೆಯ ಅಧ್ಯಾಯಕ್ಕೆ ಸ್ವಲ್ಪ ಭಕ್ತಿ ಬೆರೆಸಲು ನಿರ್ಧರಿಸಿದ. ವ್ರತದ ಕತೆ ಎಂದ ಮೇಲೆ ಪ್ರಸಾದವನ್ನು ತಿರಸ್ಕರಿಸಿದ ಪಾಪಿಯೊಬ್ಬ ಬೇಕೇ ಬೇಕು. ಅಷ್ಟು ಅವನಿಗೂ ನೆನಪಿತ್ತು. ವಾಲ್ದಿರನ ಕತೆಯಲ್ಲಿ ಕೊನೆಯ ನಿಮಿಷದಲ್ಲಿ ಚೆಂಡು ಬಿಟ್ಟ ಎದುರು ತಂಡದ ಗೋಲ್‌ಕೀಪರನೊಬ್ಬ ಬರುತ್ತಿದ್ದನಲ್ಲ, ಅವನನ್ನೇ ಹಿಡಿದ. ಊಟ ಬಡಿಸುವ ಅಜ್ಜಿಯೂ ಆ ಕತೆಯವಳೇ, ತಿರಸ್ಕಾರ ಮಾತ್ರ ದ್ವಾರಕಾನಾಥನ ಸ್ವಂತದ್ದು.

"ದೇಶದ ಕಪ್ಪಿಗೆ ಕಡೇ ಪಂದ್ಯ. ಎದುರಿಗೆ ಹೊಳೆಯಾಚೆಯ ಸೆರ್ರಿನ್ಯಾ ಊರಿನವರು. ಪಿನ್ಯಾಲಿನಲ್ಲಿ ಇಡಾ ಎಂಬ ಪುಣ್ಯವಂತೆ ಅಜ್ಜಿ ಇದ್ದಳು. ಪಂದ್ಯಕ್ಕೆ ಮುಂಚೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಪೊಲೆಂಟಾ ಎಂಬ ಭಕ್ಷ್ಯ ಮಾಡಿ, ನಮ್ಮವರು ಪರರು ಎನ್ನದೆ ಎರಡೂ ತಂಡಕ್ಕೆ ಬಡಿಸುತ್ತಿದ್ದಳು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು. ಸೆರ್ರಿನ್ಯಾದ ಗೋಲ್‌ಕೀಪರ್ ಮಾತ್ರ ಮುಟ್ಟಲಿಲ್ಲ!"

"ಅಯ್ಯೋ ಮುಟ್ಠಾಳ," ಎಂದರು ವೀರಬಸಮ್ಮ.

"ಅವನ ಮೈಯೋ ಆನೆಯದು, ಬುದ್ಧಿಯೋ ಕುರಿಯದು. ಅನ್ನಕ್ಕೆ ದಂಡ, ಭೂಮಿಗೆ ಭಾರ. ಪಂದ್ಯ ಮುಗಿಯಲು ಉಸಿರು ಬಿಡುವಷ್ಟು ಹೊತ್ತಿದೆ. ಚೆಂಡು ತೆವಳಿಕೊಂಡು ಬರುತ್ತಿದೆ, ಕೂಸು ಕೂಡ ಹಿಡಿಯಬಹುದು. ಈ ಮಹಾರಾಯ ಪ್ರೇಕ್ಷಕರಿಗೆ ಕೈ ಬೀಸುತ್ತ ನಿಂತ. ಚೆಂಡು ಅವನ ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು!"

ಸಭೆ ಹೊಟ್ಟೆ ಹಿಡಿದು ನಕ್ಕಿತು. ಗುರು ಒಂದಕ್ಷರ ಬಿಡದೆ, ಆನೆ ಕುರಿ ಸಮೇತ, ಅನುವಾದ ಮಾಡುತ್ತಿದ್ದ. ವಾಲ್ದಿರನ ಬೊಕ್ಕ ತಲೆ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಭಕ್ತಿ ಎಂದರೆ ಇದು ಎಂದುಕೊಂಡ ದ್ವಾರಕಾನಾಥ ಐದನೇ ಅಧ್ಯಾಯಕ್ಕೆ ಹುರುಪಿನಿಂದ ನುಗ್ಗಿದ. ಪಿನ್ಯಾಲಿನವರು ಅರ್ಜೆಂಟೀನಾದವರನ್ನೂ ಪರಾಗ್ವೆಯವರನ್ನೂ ಸೋಲಿಸಿ ದಕ್ಷಿಣ ಅಮೆರಿಕಕ್ಕೆ ಚಕ್ರವರ್ತಿಗಳಾದರು. ಚರ್ಚಿನ ಗಂಟೆ ಬೆಳಗಿನತನಕ ನಿಲ್ಲಲಿಲ್ಲ. "ಈ ಕತೆಯನ್ನು ಯಾರು ಹೇಳುವರೋ, ಯಾರು ಕೇಳುವರೋ, ಅವರಿಗೆ ಸಕಲ ಕಾಂಟ್ರ್ಯಾಕ್ಟುಗಳೂ ಖಾಯಂ ಆಗುವವು!"

"ಗೋವಿಂದಾ ಗೋವಿಂದ!" ಅಕ್ಷತೆ ಮಳೆಯಂತೆ ಬಿತ್ತು. ಅಡುಗೆಮನೆಯ ಕಡೆ ನೂಕುನುಗ್ಗಲಾಯಿತು.

ವಾಲ್ದಿರ್ ಮಾತ್ರ ಎದ್ದು ನೇರವಾಗಿ ದ್ವಾರಕಾನಾಥನ ಬಳಿ ಬಂದ. ಅಕ್ಷತೆ ಅವನ ಮುಷ್ಟಿಯಲ್ಲೇ ಉಳಿದಿತ್ತು.

"ದ್ವಾರ್ಕಾ, ನನ್ನ ಊರು ಯಾವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಪಿನ್ಯಾಲ್ ಅಲ್ವಾ?"

"ಸೆರ್ರಿನ್ಯಾ," ಎಂದ ವಾಲ್ದಿರ್. "ಪಿನ್ಯಾಲ್ ನಮ್ಮ ಶತ್ರುಗಳ ಊರು. ಒಳ್ಳೆಯದನ್ನು ಶತ್ರುವಿನಿಂದಲೂ ಕಲಿಯಬೇಕು ಅಂತ ನಾನು ಅವರ ಕತೆ ಹೇಳುವುದು. ಪ್ರತಿ ಸೋಮವಾರ ಕತೆಯನ್ನು ಏನೆಂದು ಮುಗಿಸುತ್ತೇನೆ ನಾನು?"

ದ್ವಾರಕಾನಾಥನಿಗೆ ಚಿತ್ರಾನ್ನ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಪಕ್ಕದಿಂದ ಗುರು ಮೆಲ್ಲಗೆ ಹೇಳಿದ.

"'ಆ ಗೋಲ್‌ಕೀಪರ್ ನಾನೇ. ಕೊನೆಯ ನಿಮಿಷದಲ್ಲಿ ಕಣ್ಣು ಆಚೀಚೆ ಆಡಿದರೆ ಜೀವನಪೂರ್ತಿ ನೋಯಬೇಕಾಗುತ್ತೆ.' ಅಂತ ಮುಗಿಸ್ತೀರಿ, ವಾಲ್ದಿರ್."

ದ್ವಾರಕಾನಾಥನ ಕಾಲ ಕೆಳಗಿನ ಕಾರ್ಪೆಟ್ಟು ಜಾರಿದಂತಾಯಿತು. ಮನುಷ್ಯನನ್ನು ಮನೆಗೆ ಕರೆದು, ದೇವರ ಮುಂದೆ ಕೂರಿಸಿ, ಊರ ಜನರೆದುರು ಅವನ ಹಳೇ ಗಾಯಕ್ಕೆ ಉಪ್ಪು ಖಾರ ಹಾಕಿ ತಿಕ್ಕಿದ್ದ. ಅದೂ ಘಂಟಾನಾದ ಸಮೇತ. ಅವನಿಗೆ ನಿಜವಾಗಿ ಅಳು ಬಂತು.

"ನನಗೆ ಆಶ್ಚರ್ಯ ಒಂದೇ," ಎಂದು ವಾಲ್ದಿರ್ ದನಿ ತಗ್ಗಿಸಿದ. "ಆ ದಿನ ಇಡಾ ಅಜ್ಜಿಯ ಪೊಲೆಂಟಾ ನಾನು ತಿನ್ನಲಿಲ್ಲ. ಭಯಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಿನಗೆ ಹೇಗೆ ಗೊತ್ತಾಯಿತು?"

ಗುರು ಇದನ್ನು ಕನ್ನಡಕ್ಕೆ ತಂದು ಹಾಕಿದ. ತಟ್ಟೆ ಹಿಡಿದವರೆಲ್ಲ ಅಡುಗೆಮನೆಯಿಂದ ತಿರುಗಿ ಬಂದರು. ವೀರಬಸಮ್ಮ ಎದ್ದು ಬಂದು, ಸಪಾದದ ತಟ್ಟೆಯನ್ನು ವಾಲ್ದಿರನ ಕೈಗೆ ತುರುಕಿದರು.

"ತಿನ್ನಪಾ, ತಿನ್ನು. ಒಮ್ಮೆ ಬಿಟ್ಟು ಕೆಟ್ಟೀ, ಇನ್ನೊಮ್ಮೆ ಬಿಡಬ್ಯಾಡ."

ವಾಲ್ದಿರ್ ತಟ್ಟೆ ಖಾಲಿ ಮಾಡಿದ. ಇನ್ನೊಂದು ಕೇಳಿ ಹಾಕಿಸಿಕೊಂಡ. ಮೂರನೆಯದನ್ನು ಬೆರಳು ಚೀಪಿ ಮುಗಿಸುವಾಗ ಅವನ ಮುಖದಲ್ಲಿ ನಗು ಕಾಣಿಸಿತು. ಎಷ್ಟೋ ವರ್ಷದ ಭಾರ ಇಳಿದವನ ಹಾಗೆ ಈಶಣ್ಣನ ಬೆನ್ನು ತಟ್ಟಿದ. ಪುಳಿಯೋಗರೆಯನ್ನೂ ಬಿಡಲಿಲ್ಲ. ದ್ವಾರಕಾನಾಥನಿಗೆ ಹೋದ ಜೀವ ಮೆಲ್ಲಮೆಲ್ಲಗೆ ಮರಳಿತು. ಉಂಡ ಮನೆಯ ಜಂತಿ ಎಣಿಸುವಷ್ಟು ಕೆಟ್ಟವನಲ್ಲ ಎಂದು ಈಶಣ್ಣ ಹೇಳಿದ್ದು ಸುಳ್ಳಲ್ಲ ಎನಿಸಿತು.

ಬೀಳ್ಕೊಡಲು ಕಾರಿನವರೆಗೆ ಹೋದ. ಗುರುವೂ ಜೊತೆಗೆ ಬಂದ.

"ವಾಲ್ದಿರ್, ದಯವಿಟ್ಟು ಕ್ಷಮಿಸಿ..."

"ಕ್ಷಮಿಸುವುದೇನು ಬಂತು? ನನ್ನ ಪಾಪ ಇವತ್ತು ಕಳೆಯಿತು. ನಿನ್ನ ಹೆಂಡತಿಗೆ ಥ್ಯಾಂಕ್ಸ್ ಹೇಳು," ಎಂದ ವಾಲ್ದಿರ್. ಕಾರಿನ ಬಾಗಿಲು ತೆರೆದವನು ಮತ್ತೆ ಇತ್ತ ತಿರುಗಿದ. "ನಿಜ ಹೇಳುತ್ತೇನೆ ದ್ವಾರ್ಕಾ. ನಿನ್ನೆ ಸಂಜೆಯೇ ಆ ಕೆಲಸ ನಿನಗೆ ಅಂತ ನಿರ್ಧಾರ ಮಾಡಿದ್ದೆ. ಇವತ್ತು ಇಲ್ಲೇ ಹೇಳೋಣ ಅಂತ ಬಂದಿದ್ದೆ. ಎಷ್ಟು ಸೋಮವಾರ ನೋಡಿದ್ದೇನೆ, ಎಲ್ಲರೂ ಗೋಡೆ ನೋಡುತ್ತಿದ್ದರು, ನೀನೊಬ್ಬ ತಲೆದೂಗುತ್ತಿದ್ದೆ. ನನ್ನ ಮಾತು ಕೇಳುವವನು ಇಡೀ ಆಫೀಸಿನಲ್ಲಿ ಇವನೊಬ್ಬನೇ ಅಂದುಕೊಂಡಿದ್ದೆ."

ಅಷ್ಟು ಹೇಳಿ ಅವನು ತನ್ನ ದೊಡ್ಡ ಕೈಯನ್ನು ಚಾಚಿದ. ಕೈ ದ್ವಾರಕಾನಾಥನನ್ನು ದಾಟಿ ಹೋಗಿ ಗುರುವಿನ ಕೈ ಕುಲುಕಿತು. "ಸೋಮವಾರ ಬೇಗ ಬಾ ಗುರು. ಮಾತಾಡೋದಿದೆ."

ದ್ವಾರಕಾನಾಥ ಮೆಟ್ಟಿಲು ಹತ್ತಿ ಮನೆಗೆ ಬಂದಾಗ ಹೆಂಗಸರೆಲ್ಲ ಬಾಗಿಲಲ್ಲೇ ಕಾಯುತ್ತಿದ್ದರು. ಇಂಥ ಕತೆ ಯಾವ ಭಟ್ಟರೂ ಹೇಳಿಲ್ಲ ಎಂದು ಎಲ್ಲರ ಬಾಯಲ್ಲೂ ಹೊಗಳಿಕೆ. ಪರದೇಶದವನ ಒಳಗಿನ ಗುಟ್ಟನ್ನು ನುಡಿದು ತೋರಿಸಿದ ಕತೆ ಇನ್ನು ಸುಳ್ಳಾದೀತೆ? ಕೌಸಲ್ಯಾ ಅವನ ಮುಖ ನೋಡಿ, ಖಾಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ತಮ್ಮಾ, ಮುಂದಿನ ಹುಣ್ಣಿಮಿಗೆ ನಮ್ಮನ್ಯಾಗ ನೀನ ಬಂದು ಕತಿ ಹೇಳಬೇಕು," ಎಂದರು ವೀರಬಸಮ್ಮ. "ಆ ಗೋಲ್‌ಕೀಪರನ ಅಧ್ಯಾಯ ಇನ್ನಷ್ಟು ಲಂಬಿಸು. ಅದರ ಮುಂದಿನ ಹುಣ್ಣಿಮಿಗೆ ಬಾಜೂ ಬಿಲ್ಡಿಂಗಿನ ಚನ್ನಮ್ಮನ ಮನ್ಯಾಗಂತ. ನಿನಗ ಆಫೀಸಿನ ಗಡಿಬಿಡಿ ಇರ್ತೈತಿ, ಯಾವಾಗ ಆಗ್ತೈತಿ ಹೇಳಿಬಿಡು."

ದ್ವಾರಕಾನಾಥ ಸಡಿಲಾದ ಪಂಚೆಯನ್ನು ಮತ್ತೊಮ್ಮೆ ಬಿಗಿದುಕೊಂಡ.

"ಡಿಸೆಂಬರ್ ಒಂದು ತಿಂಗಳು ಸ್ವಲ್ಪ ಕೆಲಸ ಇದೆ ಅಮ್ಮ," ಎಂದ. "ಜನವರಿಯಿಂದ ಯಾವತ್ತು ಕರೆದ್ರೂ ಬರ್ತೀನಿ."